ಬಿಳಿ ಎಕ್ಕದ ದಾರ

ಆ ಹೆಂಗಸು ನಡೆಯುತ್ತಿದ್ದ ರೀತಿ ನೋಡಿಯೇ ವೇಣುವಿಗೆ ಅನುಮಾನ ಬಂದದ್ದು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಎಡಕ್ಕೆ ನೋಡುವುದು, ಬಲಕ್ಕೆ ನೋಡುವುದು, ಪುಸ್ತಕದಲ್ಲಿ ಏನೋ ಗೀಚಿಕೊಳ್ಳುವುದು. ನಾಟ್ರಾಂಪಾಳ್ಯದಂಥ ಕಾಡಂಚಿನ ಊರಿನಲ್ಲಿ ಹೀಗೆ ಹೆಜ್ಜೆ ಎಣಿಸಿ ನಡೆಯುವವರು ಜಮೀನು ಅಳೆಯುವವರೇ ಸೈ. ಅಳೆಯುವವರು ಬಂದರೆ ಊರಿಗೆ ಊರೇ ಬದುವಿನ ಮೇಲೆ ಬಂದು ನಿಲ್ಲುತ್ತದೆ.

"ಏನಮ್ಮಾ, ನಮ್ಮ ಹೊಲ್ದಾಗೆ ಏನ್ ಅಳೀತಿದ್ದೀರ?" ಎಂದು ಕೂಗಿದ.

ಅವಳು ತಿರುಗಲಿಲ್ಲ. ಬಲಗೈ ಎತ್ತಿ, ತುಟಿಯ ಮೇಲೆ ಬೆರಳಿಟ್ಟಳು, ಅಷ್ಟೆ. ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗನಿಗೆ ಮಾಡುವ ಹಾಗೆ. ನಲವತ್ತೊಂದು ವರ್ಷದ ಗಂಡಸು, ತನ್ನ ಹೊಲದಲ್ಲಿ ತಾನೇ ನಿಂತವನು, ಬಾಯಿ ಮುಚ್ಚಿಕೊಂಡ. ಯಾಕೆ ಮುಚ್ಚಿಕೊಂಡೆ ಎಂದು ಅವನಿಗೇ ತಿಳಿಯಲಿಲ್ಲ. ಸುಮ್ಮನೆ ಹಿಂದೆ ಹಿಂದೆ ನಡೆದ.

ಇನ್ನೂರು ಹೆಜ್ಜೆ ಆಚೆ, ಹಳ್ಳದ ದಂಡೆಯ ಬಿಳಿ ಎಕ್ಕದ ಗಿಡದ ಹತ್ತಿರ ಅವಳು ಪುಸ್ತಕ ಮುಚ್ಚಿ ಉಸಿರುಬಿಟ್ಟಳು. ತಿರುಗಿದಳು. ಬಿಸಿಲಿಗೆ ಕೆನ್ನೆ ಕೆಂಪಾಗಿತ್ತು, ಕಿವಿಯ ಹತ್ತಿರ ನಾಲ್ಕೈದು ಕೂದಲು ಬೆಳ್ಳಗಾಗಿದ್ದವು.

"ಈಗ ಹೇಳಿ. ಎಣಿಸುವಾಗ ಮಾತಾಡಂಗಿಲ್ಲ, ಅದಕ್ಕೆ."

"ಏನ್ ಎಣಿಸ್ತಿದ್ರಿ?"

"ಚಿಟ್ಟೆ."

ವೇಣು ನಕ್ಕುಬಿಟ್ಟ. ಆ ನಗು ಅವನಿಗೇ ಬೇರೆ ಯಾರದೋ ಎನಿಸಿತು. ಮೂರು ವರ್ಷದಿಂದ ಅದು ಅವನ ಬಾಯಿಗೆ ಬಂದಿರಲಿಲ್ಲ.

"ನಗ್ತೀರಾ? ನಗಿ, ನಗಿ. ಇವತ್ತು ಮೂವತ್ತೊಂದು ಸಿಕ್ಕಿದಾವೆ. ನೀವು ಕೂಗದೆ ಇದ್ದಿದ್ರೆ ಮೂವತ್ತೆರಡು."

ಅವಳ ಹೆಸರು ಕೋಮಲಾ. ಗಡಿಯ ಜೂಜುವಾಡಿಯವಳು, ಊರಿನ ಶಾಲೆಗೆ ವಿಜ್ಞಾನದ ಟೀಚರ್ ಆಗಿ ಬಂದು ಒಂದು ವರ್ಷವಾಗಿತ್ತು. ವಯಸ್ಸು ಮೂವತ್ತಾರು. ಹಾಸಿಗೆ ಹಿಡಿದ ತಾಯಿಯನ್ನು ಹತ್ತು ವರ್ಷ ನೋಡಿಕೊಳ್ಳುವಷ್ಟರಲ್ಲಿ ಮದುವೆಯ ವಯಸ್ಸು ಜಾರಿಹೋಗಿತ್ತು. ಶಾಲೆಯ ಹಿಂದಿನ ಹುಣಸೆಮರದಿಂದ ಈ ಬಿಳಿ ಎಕ್ಕದವರೆಗೆ ಆರುನೂರು ಹೆಜ್ಜೆ. ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅವಳು ಆ ದಾರಿಯಲ್ಲಿ ನಡೆಯುತ್ತಾಳೆ. ಯಾವ ಕಾಲಕ್ಕೆ ಯಾವ ಚಿಟ್ಟೆ ಬರುತ್ತದೆ, ಯಾವುದು ಊರು ಬಿಡುತ್ತದೆ ಎಂದು ಬರೆದಿಡುತ್ತಾಳೆ. ಸೋಮವಾರ ಮಕ್ಕಳಿಗೆ ಅದೇ ಪಾಠ.

"ಎರಡೂ ಪಕ್ಕ ಐದೈದು ಹೆಜ್ಜೆಯೊಳಗೆ ಬಂದದ್ದು ಮಾತ್ರ ಎಣಿಕೆ. ಹಿಂದೆ ಹೋಗಿದ್ದನ್ನ ಎಣಿಸಂಗಿಲ್ಲ," ಎಂದಳು.

"ಹಿಂದೆ ಹೋಗಿದ್ದು ಚೆನ್ನಾಗಿದ್ರೆ?"

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ನಿಂತು ನೋಡ್ಬೋದು. ಎಣಿಸಂಗಿಲ್ಲ."

* * *

ಮುಂದಿನ ಭಾನುವಾರ ಎಂಟೂಮುಕ್ಕಾಲಿಗೇ ವೇಣು ಹುಣಸೆಮರದ ಕೆಳಗಿದ್ದ. ಚಿಟ್ಟೆಯ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಸದ್ಯ.

ಹೊಸೂರಿನ ಮೂಕಂಡಪಲ್ಲಿಯಲ್ಲಿ ಅವನಿಗೆ ಕೆಲಸ. ಕಂಪನಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ದಿನಕ್ಕೆ ಸಾವಿರಾರು ಕಬ್ಬಿಣದ ಪೀಸು ಅವನ ಕಣ್ಣ ಮುಂದೆ ಹಾದುಹೋಗುತ್ತವೆ; ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಎತ್ತಿ ಪಕ್ಕಕ್ಕಿಡಬೇಕು. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು, ಶನಿವಾರ ಸಂಜೆ ದೇಂಕನಿಕೋಟೆ, ಅಂಚೆಟ್ಟಿ ದಾಟಿ ಕೊನೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. ಬಂದರೂ ಹೊಲದ ಕಡೆ ಹೋಗುತ್ತಿದ್ದುದು ಅಪರೂಪ; ಒಂದು ವರ್ಷ ಅವಳು ಕಣ್ಣಿಗೆ ಬೀಳದೆ ಇದ್ದದ್ದು ಅದಕ್ಕೇ. ಪೀಸು ನೋಡುವ ಕಣ್ಣು ಇಲ್ಲಿ ಕೆಲಸಕ್ಕೆ ಬಂತು.

"ಟೀಚರ್, ಇದು ಅದಲ್ಲ," ಎಂದ, ಮೂರನೆಯ ಭಾನುವಾರ, ಎಣಿಕೆ ಮುಗಿದ ಮೇಲೆ. ಎಕ್ಕದ ಪಕ್ಕದ ಪೊದೆಯ ಮೇಲೆ ಎರಡು ಕೇಸರಿ ಬಣ್ಣದ ಚಿಟ್ಟೆ ಕೂತಿದ್ದವು. "ಅದಕ್ಕೆ ಹಿಂದಿನ ರೆಕ್ಕೆ ನಡುವೆ ನಾಲ್ಕು ಕರೀ ಚುಕ್ಕೆ. ಇದಕ್ಕೆ ಮೇಲುಗಡೆ ಒಂದೇ ಒಂದು."

ಕೋಮಲಾ ಬಗ್ಗಿ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಅವನ ಕಡೆ ತಿರುಗಿದಾಗ ಕಣ್ಣು ಅಗಲವಾಗಿತ್ತು.

"ಅಯ್ಯಯ್ಯೋ, ಇದು ಸುಳ್ಳಿ! ಒಂದು ವರ್ಷದಿಂದ ಇದಕ್ಕೇ ಕಾಯ್ತಿದ್ದೆ. ನಿಮ್ಮ ಕಣ್ಣಿಗೆ ಬಿತ್ತಲ್ರೀ!"

ಸುಳ್ಳಿ ಎನ್ನುವುದು ಪಾಠದ ಚಿತ್ರ ನೋಡಿ ಶಾಲೆಯ ಮಕ್ಕಳು ಇಟ್ಟ ಹೆಸರು. ನಾಲ್ಕು ಚುಕ್ಕೆಯದು ಎಕ್ಕದ ಚಿಟ್ಟೆ. ಅದರ ಮೈಯಲ್ಲಿ ವಿಷ. ಒಂದು ಸಲ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಒಂದು ಚುಕ್ಕೆಯದಕ್ಕೆ ವಿಷವೇ ಇಲ್ಲ. ಬರೀ ಅದೇ ಬಣ್ಣದ ಸೀರೆ ಉಟ್ಟುಕೊಂಡು ಜೀವ ಉಳಿಸಿಕೊಳ್ಳುತ್ತದೆ.

"ಅಂದ್ರೆ ಡೂಪ್ಲಿಕೇಟು. ನಮ್ಮ ಕಂಪನೀಲಿ ಸಿಕ್ಕಿದ್ರೆ ರಿಜೆಕ್ಟ್ ಮಾಡ್ಬುಡ್ತಿದ್ದೆ."

"ಅದಕ್ಕೇ ದೇವರು ತನ್ನ ಕಂಪನೀಲಿ ನಿಮಗೆ ಕೆಲಸ ಕೊಟ್ಟಿಲ್ಲ," ಎಂದಳು ಕೋಮಲಾ, ನಗು ತಡೆದುಕೊಂಡು.

ಮಳೆ ಬಿದ್ದ ಮೇಲೆ ಹಳ್ಳದ ಒದ್ದೆ ಮರಳಿನ ಮೇಲೆ ಹಳದಿ ಚಿಟ್ಟೆಗಳು ಹಿಂಡು ಹಿಂಡಾಗಿ ಕೂರತೊಡಗಿದವು. ಉಪ್ಪು ಹೀರುತ್ತಿವೆ ಎಂದಳು. ಹೆಚ್ಚುಕಮ್ಮಿ ಅಷ್ಟೂ ಗಂಡುಗಳೇ.

"ಗಂಡಿಗೇ ಯಾಕೆ ಉಪ್ಪು?"

"ಹೆಣ್ಣಿಗೆ ಕೊಡಕ್ಕೆ." ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಪುಸ್ತಕದಲ್ಲಿ ಮುಖ ಹುದುಗಿಸಿ, "ಪಾಠದಾಗೆ ಐತೆ ರೀ, ನಾನು ಕಟ್ಟಿ ಹೇಳ್ತಿಲ್ಲ," ಎಂದಳು.

ಅದರ ಮುಂದಿನ ವಾರ ವೇಣು ಒಂದು ಪೊಟ್ಟಣ ತಂದು ಅವಳ ಕೈಗಿಟ್ಟ. ಬೇಯಿಸಿದ ಕಡಲೆಕಾಯಿ. "ಉಪ್ಪು ಹಾಕಿ ಬೇಯಿಸಿದ್ದು," ಎಂದ. ಅವಳು ಕಡಲೆಕಾಯಿ ನೋಡಿದಳು, ಅವನನ್ನು ನೋಡಿದಳು. ಅವನು ಮೋಡ ನೋಡುತ್ತಿದ್ದ. ಆ ದಿನ ಇಬ್ಬರೂ ಮಾತಾಡಿದ್ದು ಕಡಿಮೆ. ಪೊಟ್ಟಣ ಮಾತ್ರ ಖಾಲಿಯಾಯಿತು.

ಮತ್ತೊಂದು ದಿನ ಬಿದಿರುಮೆಳೆಯ ನೆರಳಿನಲ್ಲಿ ಒಂದು ಕಂದು ಚಿಟ್ಟೆ ತೋರಿಸಿದಳು. ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಕಣ್ಣಿನಂಥ ಬೊಟ್ಟುಗಳು. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ಆ ಬೊಟ್ಟು ಇರುತ್ತದೆ, ಹಕ್ಕಿ ತಲೆಯ ಬದಲು ಅಲ್ಲಿ ಕುಕ್ಕಲಿ ಎಂದು. ಬೇಸಿಗೆಯಲ್ಲಿ ಹುಟ್ಟಿದ್ದಕ್ಕೆ ಬೊಟ್ಟಿಲ್ಲ, ಒಣಗಿದ ಎಲೆಯ ಬಣ್ಣ. ನೆಲದ ಮೇಲೆ ಕೂತರೆ ಎಲೆ ಯಾವುದು, ಚಿಟ್ಟೆ ಯಾವುದು ತಿಳಿಯದು.

"ಬೇರೆ ಬೇರೆ ಜಾತೀನಾ?"

"ಒಂದೇ. ಬೇಸಿಗೆ ಅಂತ ಸಾಯಕ್ಕಾಗ್ತದಾ? ಬಂದ ಕಾಲಕ್ಕೆ ತಕ್ಕಂಗೆ ಬದುಕೋದು."

ಒಣಗಿದ ಎಲೆಯಾಗಿ ಬದುಕುವುದು ವೇಣುವಿಗೆ ಚೆನ್ನಾಗಿ ಗೊತ್ತಿತ್ತು.

* * *

ಈ ಸೀಮೆಯಲ್ಲಿ ಸಿಟ್ಟು ಬಂದರೆ "ನಿನ್ ಮನೆ ಎಕ್ಕುಟ್ಟೋಗ" ಎಂದು ಬೈಯುತ್ತಾರೆ. ಹಾಳುಬಿದ್ದ ಮನೆಯ ಅಂಗಳದಲ್ಲಿ ಹುಟ್ಟುವ ಗಿಡ ಎಕ್ಕ. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ದನಕರು ಅದಕ್ಕೆ ಬಾಯಿ ಹಾಕುವುದಿಲ್ಲ. ಹೂವು ಮಾತ್ರ ದೇವರಿಗೆ ಆಗುತ್ತದೆ.

ಆ ಎಕ್ಕದ ಎಲೆಯ ಮೇಲೆ ಕೋಮಲಾ ಒಂದು ಹುಳು ತೋರಿಸಿದಳು. ಕಪ್ಪು, ಬಿಳಿ, ಹಳದಿ ಪಟ್ಟೆ, ಕಿರುಬೆರಳಷ್ಟು ಉದ್ದ. "ಇದೇ ನಮ್ಮ ಎಕ್ಕದ ಚಿಟ್ಟೆ ಮರಿ. ಏನ್ ಮಾಡ್ತದೆ ನೋಡಿ."

ಹುಳು ಮೊದಲು ಎಲೆಯ ದಪ್ಪ ನರವನ್ನು ಕಡಿಯಿತು. ಬಿಳಿ ಹಾಲು ತೊಟ್ಟಿಕ್ಕಿತು. ಅದು ಸರಿದು ಕಾಯಿತು. ಹಾಲಿನ ಹರಿವು ನಿಂತ ಮೇಲೆ ಎಲೆಯ ತುದಿಯ ಕಡೆ ಹೋಗಿ ತಿನ್ನತೊಡಗಿತು.

"ವಿಷ ಪೂರ್ತಿ ಹೋಗಿರಲ್ಲ," ಎಂದಳು ಮೆಲ್ಲಗೆ. "ಸ್ವಲ್ಪ ಹೊಟ್ಟೆಗೆ ಹೋಗ್ತದೆ. ಆ ಸ್ವಲ್ಪಾನೇ ಇದನ್ನ ಸಾಯೋ ತನಕ ಕಾಯೋದು."

ಅವನು ಎಲೆಯನ್ನೇ ನೋಡುತ್ತ ಕೂತ. ಆಮೇಲೆ, ಅವಳು ಏನೂ ಕೇಳದೆ ಇದ್ದರೂ, ಹೇಳತೊಡಗಿದ.

ಮೊದಲನೆಯವಳು ಸುಧಾ. ಮದುವೆಯಾಗಿ ಹದಿನಾಲ್ಕು ತಿಂಗಳು. ಡೆಂಗ್ಯೂ ಜ್ವರ. ಆಸ್ಪತ್ರೆಯಲ್ಲಿ ಅವನು ಔಷಧಿ ತರಲು ಕೆಳಗಿಳಿದಿದ್ದ. ಮೇಲೆ ಬರುವಷ್ಟರಲ್ಲಿ ಮುಗಿದಿತ್ತು. ನಾಲ್ಕು ವರ್ಷ ಬಿಟ್ಟು ಅಮ್ಮ ಅತ್ತೂಕರೆದು ಎರಡನೆಯ ಮದುವೆ ಮಾಡಿಸಿದಳು. ರಮಾದೇವಿ. ಮೂರು ವರ್ಷದ ಹಿಂದೆ ಹುರುಳಿ ಹೊಲದಲ್ಲಿ ಹಾವು ಕಡಿಯಿತು. ಅವನು ಶಿಫ್ಟಿನಲ್ಲಿದ್ದ, ಫೋನು ಲಾಕರಿನಲ್ಲಿತ್ತು. ಹೊರಗೆ ಬಂದು ನೋಡಿದರೆ ಹದಿನೇಳು ಮಿಸ್ಡ್ ಕಾಲ್.

"ಎರಡು ಸಲಾನೂ ನಾನು ಅಲ್ಲಿರ್ಲಿಲ್ಲ ಟೀಚರ್."

ಕೋಮಲಾ ಸಮಾಧಾನ ಹೇಳಲಿಲ್ಲ. ವಿಧಿ, ಹಣೆಬರಹ ಎನ್ನಲಿಲ್ಲ. ಎದ್ದು ಹೋಗಲೂ ಇಲ್ಲ. "ಇನ್ನೂ ಇದ್ರೆ ಹೇಳಿ. ನಾನು ಕೂತಿರ್ತೀನಿ," ಎಂದಳು.

ಇನ್ನೂ ಇತ್ತು. ಭಾನುವಾರಕ್ಕೆ ಇಷ್ಟಿಷ್ಟು ಹೇಳಿದ. ಸುಧಾ ಸಾರಿಗೂ ಚಿಟಿಕೆ ಸಕ್ಕರೆ ಹಾಕುತ್ತಿದ್ದಳು. ರಮಾದೇವಿಗೆ ಘಾಟಿಯ ಬಸ್ಸೆಂದರೆ ಹೆದರಿಕೆ, ಅಂಚೆಟ್ಟಿಯವರೆಗೂ ಅವನ ತೋಳು ಬಿಡುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಒಳಗೇ ಹೆಪ್ಪುಗಟ್ಟಿದ್ದು ತೊಟ್ಟು ತೊಟ್ಟಾಗಿ ಹೊರಗೆ ಬಂತು. ಹೊರಗೆ ಬಂದಷ್ಟೂ ರಾತ್ರಿ ನಿದ್ದೆ ಬರತೊಡಗಿತು. ತಾನು ಕೋಮಲಾಳನ್ನು ಪ್ರೀತಿಸುತ್ತಿದ್ದೇನೆ ಎಂದು ಅವನಿಗೆ ತಿಳಿದದ್ದು ಆಗ. ತಿಳಿದ ತಕ್ಷಣ ಭಯವೂ ಬಂತು.

* * *

ಗೌರಿಹಬ್ಬ ಕಳೆದ ಭಾನುವಾರ ಅವಳು ಬಿಳಿ ಎಕ್ಕದ ಹತ್ತಿರ ಪುಸ್ತಕ ಮುಚ್ಚಿ, "ನಮ್ಮ ಪ್ರಮೋದಣ್ಣ ನಂಗೆ ಒಂದು ಗಂಡು ನೋಡಿದಾನೆ. ಕೃಷ್ಣಗಿರಿಯೋರು," ಎಂದಳು.

"ಒಳ್ಳೇದಾಯ್ತಲ್ಲ," ಎಂದ ವೇಣು.

"ಬ್ಯಾಡ ಅಂದೆ. ಯಾಕೆ ಅಂದ. ಎಣಿಸಕ್ಕೆ ಜೊತೆ ಸಿಕ್ಕಿದಾರೆ ಅಂದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಆದರೆ ನೋಟ ತಗ್ಗಿಸಲಿಲ್ಲ. "ಸುಳ್ಳು ಹೇಳಿದ್ನಾ ವೇಣು ಅವ್ರೇ?"

ಆ ನೋಟಕ್ಕೆ ಸುಳ್ಳಲ್ಲ ಎನ್ನಬೇಕು ಎಂದು ಅವನ ಜೀವವೆಲ್ಲ ಬಾಯಿಗೆ ಬಂತು. ಬಾಯಿಂದ ಹೊರಟದ್ದು ಬೇರೆ.

"ನನ್ ಕೈ ಒಳ್ಳೇದಲ್ಲ ಟೀಚರ್. ಎರಡು ಜೀವ ಹೋಗಿದಾವೆ. ನಿಮ್ಮನ್ನೂ ಕಳಕೊಳ್ಳಕ್ಕೆ ನನ್ ಕೈಲಾಗಲ್ಲ."

ಎದ್ದು ನಡೆದುಬಿಟ್ಟ. ಆಮೇಲೆ ಮೂರು ಭಾನುವಾರ ಊರಿನ ಕಡೆ ತಲೆ ಹಾಕಲಿಲ್ಲ. ಓವರ್‌ಟೈಮ್ ಬೇಡಿ ಬೇಡಿ ಹಾಕಿಸಿಕೊಂಡ.

ನಾಲ್ಕನೆಯ ಭಾನುವಾರ ಬಂದ, ಮನೆಯಲ್ಲೇ ಕೂತ. ಹತ್ತೂವರೆಗೆ ಕೋಮಲಾ ಬಾಗಿಲಲ್ಲಿ ನಿಂತಿದ್ದಳು. ವೇಣು ಹಿತ್ತಲಿಗೆ ಓಡಿದ. ಅವನ ಅಮ್ಮ ಭದ್ರಮ್ಮ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದಳು.

"ನಿಮ್ಮ ಮಗ ಎಣಿಕೆಗೆ ಬರದೆ ನಾಲ್ಕು ವಾರ ಆಯ್ತು ಅಮ್ಮಾ."

"ಅಯ್ಯೋ ನಮ್ಮಪ್ಪಾ! ಚಿಟ್ಟೆ ಎಣಿಸಕ್ಕೂ ರಜಾ ಚೀಟಿ ಬರೀಬೇಕಾ?" ಎಂದಳು ಭದ್ರಮ್ಮ. ಆ ಹುಡುಗಿಯ ಮುಖ ನೋಡಿ ಮೊರ ಕೆಳಗಿಟ್ಟಳು. ಹಿತ್ತಲ ಕಡೆ ನೋಡಿದಳು. ಮತ್ತೆ ಅವಳ ಮುಖ ನೋಡಿದಳು. ಹೆತ್ತ ಕರುಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಕೂತ್ಕೊ ಮಗಾ, ನೀರು ತತ್ತೀನಿ," ಎಂದಳು. ಸಂಜೆಯೇ ತನ್ನ ಅಣ್ಣ ವೆಂಕಟರಾಮಪ್ಪನಿಗೆ ಫೋನು ಮಾಡಿಸಿದಳು.

ವೆಂಕಟರಾಮಪ್ಪ ನೆಂಟರಿಷ್ಟರ ಮನೆಯ ಶಾಸ್ತ್ರಗಳನ್ನೆಲ್ಲ ನಡೆಸುವ ಹಿರಿಯ. ಬಂದವನೇ ಅಳಿಯನನ್ನು ಎದುರಿಗೆ ಕೂರಿಸಿಕೊಂಡ. "ಮೂರನೇದು ನಿಲ್ಲಲ್ಲ ಅಂತ ತಾನೆ ಭಯ? ಮೂರನೇದನ್ನ ಎಕ್ಕಕ್ಕೆ ಕಟ್ಲಾ. ನಮ್ಮ ತಾತಂಗೂ ಹಂಗೇ ಮಾಡಿದ್ರು, ಎಂಬತ್ತೆರಡು ವರ್ಷ ಬದುಕ್ದ."

ಎರಡು ಸಲ ಹೆಂಡತಿಯನ್ನು ಕಳೆದುಕೊಂಡವನಿಗೆ ಇವರ ಮನೆತನದಲ್ಲಿ ನಡೆದುಬಂದ ಪದ್ಧತಿ ಇದು. ಊರ ಮೂಡಣದ ಬಿಳಿ ಎಕ್ಕಕ್ಕೆ, ಅಂದರೆ ಹಳ್ಳದ ದಂಡೆಯ ಅದೇ ಗಿಡಕ್ಕೆ, ಅರಿಸಿನದ ದಾರ ಕಟ್ಟಿ ಮದುವೆಯಾಗಬೇಕು. ಅದೇ ಮುಹೂರ್ತದೊಳಗೆ ಮಚ್ಚಿನಿಂದ ಒಂದೇ ಏಟಿಗೆ ಗಿಡ ಕಡಿದು, ಸೂತಕದ ಸ್ನಾನ ಮಾಡಬೇಕು. ಬರುವ ಕೇಡೆಲ್ಲ ಎಕ್ಕದ ಪಾಲು. ಆಮೇಲೆ ಬರುವ ಹುಡುಗಿ ನಾಲ್ಕನೆಯವಳು, ಅವಳಿಗೆ ಭಯವಿಲ್ಲ. ಆ ಹುಡುಗಿ ಮಾತ್ರ ಇದನ್ನು ಕಣ್ಣಲ್ಲಿ ನೋಡಬಾರದು.

ಜೂಜುವಾಡಿಯಲ್ಲಿ ಲಾರಿಗಳ ಟೈರಿನ ಅಂಗಡಿ ಇಟ್ಟಿದ್ದ ಪ್ರಮೋದನೂ ಫೋನಿನಲ್ಲಿ ಅದನ್ನೇ ಹೇಳಿದ. "ಎಕ್ಕದ ಮದುವೆ ಆಗ್ಲಿ. ಆಮೇಲೆ ನಂದೇನೂ ತಕರಾರಿಲ್ಲ."

* * *

ಅವರು ಮತ್ತೆ ಬಿಳಿ ಎಕ್ಕದ ಬುಡದಲ್ಲಿ ಕೂತಾಗ ಕಾರ್ತಿಕ ಬಂದಿತ್ತು. ತಲೆಯ ಮೇಲೆ ನೀಲಿ ಗೆರೆಯ ಚಿಟ್ಟೆಗಳು ಪಡುವಣಕ್ಕೆ ಹಾರುತ್ತಿದ್ದವು. ಹತ್ತಲ್ಲ, ಇಪ್ಪತ್ತಲ್ಲ, ಬೆಳಗಿನಿಂದ ನಿಂತೇ ಇರಲಿಲ್ಲ. ಮುಂಗಾರಿಗೆ ಮುಂಚೆ ಈ ಕಡೆ ಬಂದವುಗಳ ಮಕ್ಕಳು, ಈಗ ಘಟ್ಟಕ್ಕೆ ವಾಪಸು ಹೊರಟಿವೆ ಎಂದಿದ್ದಳು ಕೋಮಲಾ.

ವೇಣು ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡಳು.

"ಇದನ್ನೆಲ್ಲ ನಂಬ್ತೀರಾ?"

"ನಂಬಲ್ಲ," ಎಂದ. "ಆದ್ರೆ ಹೆದರ್ತೀನಿ."

ಅವಳು ಎಕ್ಕದ ಎಲೆಯನ್ನು ಬೆರಳಿನಿಂದ ಸವರಿದಳು. ಬೂದಿ ಬಳಿದಂಥ ದಪ್ಪ ಎಲೆ. ಅವಳ ಆರುನೂರು ಹೆಜ್ಜೆಯ ಕೊನೆಯ ಗುರುತು ಈ ಗಿಡ. ಇದರ ಮೇಲೆ ಹುಟ್ಟಿದ ಚಿಟ್ಟೆಗಳೆಲ್ಲ ಅವಳ ಪುಸ್ತಕದಲ್ಲಿದ್ದವು. ಬೇಡ ಎನ್ನುತ್ತಾಳೆ ಎಂದು ವೇಣು ಕಾದ. ಬೇಡ ಎಂದರೆ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

"ಕಡೀರಿ," ಎಂದಳು. "ನಿಮಗೆ ನಿದ್ದೆ ಬರೋದಾದ್ರೆ ಕಡೀರಿ. ಗಿಡ ಇನ್ನೊಂದು ಹುಟ್ತದೆ." ಅವಳ ದನಿ ಒಂದು ಕಡೆ ನಡುಗಿತು, ಮತ್ತೆ ಟೀಚರ್ ಆಯಿತು. "ಒಂದೇ ಮಾತು. ಮುಂಚೆ ಎಲೆ ಕೆಳಗೆಲ್ಲ ನೋಡಿ. ಹುಳು ಇದ್ರೆ ಬೇರೆ ಎಕ್ಕಕ್ಕೆ ಬಿಡಿ. ಕೋಶ ನೇತಾಡ್ತಿದ್ರೆ, ಹಸಿರಾಗಿದ್ರೆ, ಎಲೆ ಸಮೇತ ಕಿತ್ತು ನೆರಳಲ್ಲಿ ಕಟ್ಟಿ. ಕಪ್ಪಾಗಿದ್ರೆ ಮಾತ್ರ ಮುಟ್ಟಬೇಡಿ. ಅವತ್ತೇ ಚಿಟ್ಟೆ ಹೊರಗೆ ಬರ್ತದೆ ಅಂತ ಅರ್ಥ. ಅಲ್ಲಾಡಿ ಬಿದ್ರೆ ರೆಕ್ಕೆ ಮುದುರೇ ಹೋಗ್ತದೆ, ಮತ್ತೆ ಹಾರಲ್ಲ."

"ನೋಡ್ತೀನಿ."

"ಎಂಟು ಗಂಟೆಗೆ ಮುಗೀತದಾ?"

"ಎಂಟಕ್ಕೆ ಮುಹೂರ್ತ ಮುಗೀತದೆ."

"ಹಂಗಾದ್ರೆ ಒಂಬತ್ತಕ್ಕೆ ನಾನು ಎಣಿಸಕ್ಕೆ ಹೊರಡ್ತೀನಿ. ಒಂದು ಭಾನುವಾರಾನೂ ತಪ್ಪಿಸಿಲ್ಲ," ಎಂದಳು.

* * *

ಆ ಭಾನುವಾರ ಬೆಳಕು ಹರಿಯುವ ಮುಂಚೆಯೇ ವೇಣು ಗಿಡದ ಹತ್ತಿರ ಬಂದಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದೇ ಎಲೆ ಎತ್ತಿ ನೋಡಿದ. ಮೂರು ಹುಳು ಸಿಕ್ಕಿದವು. ಹಳ್ಳದಾಚೆಯ ಎಕ್ಕಕ್ಕೆ ದಾಟಿಸಿದ. ಹಸಿರು ಕೋಶ ಎಲ್ಲೂ ಇರಲಿಲ್ಲ. ಎರಡನೆಯ ಸಲವೂ ನೋಡಿದ. ಇಲ್ಲ.

ಏಳೂಕಾಲಿಗೆ ಶಾಸ್ತ್ರ ಶುರುವಾಯಿತು. ಬಂದವರು ಇಬ್ಬರೇ, ಅಮ್ಮ ಮತ್ತು ಮಾವ. ಭದ್ರಮ್ಮ ಗಿಡಕ್ಕೆ ನೀರೆರೆದು ಕುಂಕುಮವಿಟ್ಟಳು. ಅರಿಸಿನದ ಕೊಂಬು ಕಟ್ಟಿದ ದಾರವನ್ನು ವೇಣು ಕಾಂಡಕ್ಕೆ ಮೂರು ಗಂಟು ಹಾಕಿ ಕಟ್ಟಿದ. ಕಟ್ಟುವಾಗ ಒಂದು ಎಲೆ ಮುರಿದು, ಬಿಳಿ ಹಾಲು ಇಳಿದು ದಾರ ನೆನೆಯಿತು. ಮಾವ ಅಕ್ಕಿಕಾಳು ಹಾಕಿ, ಮಚ್ಚು ಅವನ ಕೈಗೆ ಕೊಟ್ಟ.

"ಬುಡಕ್ಕೆ. ಒಂದೇ ಏಟು."

ವೇಣು ಮಂಡಿಯೂರಿ ಬಗ್ಗಿದ. ನೆಲದಿಂದ ಗೇಣಷ್ಟು ಮೇಲೆ, ಒಣಗಿದ ಕೊನೆಯ ಎಲೆಯ ಕೆಳಗೆ, ಮಸಿ ಬಳಿದಂತೆ ಏನೋ ನೇತಾಡುತ್ತಿತ್ತು. ಅರೆಗತ್ತಲಲ್ಲಿ ಅವನು ಅದನ್ನು ಎರಡು ಸಲವೂ ನೋಡಿದ್ದ, ಒಣಗಿದ ಎಲೆಯ ಚೂರು ಎಂದು ಬಿಟ್ಟಿದ್ದ. ಹಸಿರು ಹುಡುಕುತ್ತಿದ್ದ ಕಣ್ಣಿಗೆ ಕಪ್ಪು ಕಂಡಿರಲಿಲ್ಲ. ಹದಿನಾರು ವರ್ಷ ಅನುಭವದ ಇನ್ಸ್‌ಪೆಕ್ಟರ್! ಈಗ ಬಿಸಿಲು ಬಿದ್ದಿತ್ತು. ತೆಳ್ಳನೆಯ ಸಿಪ್ಪೆಯೊಳಗೆ ಮಡಿಸಿಟ್ಟ ಕೇಸರಿ ರೆಕ್ಕೆ ಕಾಣುತ್ತಿತ್ತು.

ಮಚ್ಚು ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಯಾಕ್ಲಾ ನಿಂತೆ?"

"ಮಾವ, ಒಂದು ಜೀವ ಐತೆ."

"ಹುಳ ಕಣ್ಲಾ ಅದು! ಕಡಿ ಮೊದ್ಲು, ಗಳಿಗೆ ಮೀರ್ತದೆ."

"ಇನ್ನೊಂದು ಗಂಟೆಗೆ ಚಿಟ್ಟೆ ಆಗ್ತದೆ ಮಾವ."

"ನಿನ್ ಚಿಟ್ಟೆ ಎಕ್ಕುಟ್ಟೋಗ! ದಾರ ಕಟ್ಬುಟ್ಟಿದ್ದೀಯ. ಕಡೀದೆ ಬುಟ್ರೆ ಇದೇ ನಿನ್ ಹೆಂಡ್ತಿಯಾಗಿ ಉಳೀತದೆ. ಆಮ್ಯಾಕೆ ಬರೋಳ ಮೇಲೆ ಬೀಳ್ತದೆ ಕಣ್ಲಾ ಎಲ್ಲಾ!"

ಕಡಿದರೆ ಕೋಮಲಾ ಉಳಿಯುತ್ತಾಳೆ ಎನ್ನುತ್ತಿತ್ತು ಭಯ. ಆ ಕಪ್ಪು ಕೋಶ ಮಾತ್ರ ಗಾಳಿಗೆ ಒಂದಿಷ್ಟೇ ಅಲ್ಲಾಡುತ್ತಿತ್ತು. ಎರಡು ಸಲ ಜೀವ ಹೋಗುವಾಗ ಅವನು ಅಲ್ಲಿರಲಿಲ್ಲ. ಇವತ್ತು ಇದ್ದ. ಎದುರಿಗೇ ಇದ್ದ.

ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ.

ಎಂಟು ದಾಟಿತು. ವೆಂಕಟರಾಮಪ್ಪ ಟವೆಲ್ಲು ಕೊಡವಿ ಬೈದ, ಬೈದು ಸುಸ್ತಾಗಿ ಕಲ್ಲಿನ ಮೇಲೆ ಕೂತ. ಭದ್ರಮ್ಮ ಮಗನ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತು ಅವನು ನೋಡುತ್ತಿದ್ದುದನ್ನೇ ನೋಡಿದಳು. ಎಂಟೂವರೆ ಹೊತ್ತಿಗೆ ಸಿಪ್ಪೆ ಬಿರಿಯಿತು. ಒದ್ದೆಯಾದ, ಮುದುರಿದ ಒಂದು ಜೀವ ತಲೆಕೆಳಗಾಗಿ ಹೊರಬಂದು, ಸಿಪ್ಪೆಯನ್ನೇ ಹಿಡಿದು ನೇತಾಡಿತು. "ಶಿವನೇ, ಇಷ್ಟೇ ಇಷ್ಟು ರೆಕ್ಕೆ!" ಎಂದಳು ಭದ್ರಮ್ಮ. ನೋಡನೋಡುತ್ತ ರೆಕ್ಕೆ ಬಿಚ್ಚಿಕೊಂಡಿತು. ವೇಣು ಬೆರಳು ಮುಟ್ಟಿಸದೆ ಎಣಿಸಿದ. ನಡುವೆ ನಾಲ್ಕು ಚುಕ್ಕೆ.

ಒಂಬತ್ತೂಕಾಲಿಗೆ ದಾರಿಯ ತಿರುವಿನಲ್ಲಿ ಕೋಮಲಾ ಕಂಡಳು. ಎಡಕ್ಕೆ ನೋಡುತ್ತ, ಬಲಕ್ಕೆ ನೋಡುತ್ತ, ಬರೆಯುತ್ತ. ಎಲ್ಲ ಮುಗಿದಿರುತ್ತದೆ ಎಂದುಕೊಂಡು ಬರುತ್ತಿದ್ದಳು. ತಲೆ ಎತ್ತಿದಾಗ ಗಿಡ ನಿಂತೇ ಇತ್ತು. ಅದರ ಕೊರಳಲ್ಲಿ ಅರಿಸಿನದ ದಾರ, ಬುಡದಲ್ಲಿ ಮಚ್ಚು ಹಿಡಿದು ಕೂತ ವೇಣು.

"ಅಯ್ಯೋ, ನೋಡಬ್ಯಾಡ ಮಗಾ, ಆ ಕಡೆ ತಿರುಗು!" ಎಂದು ಕೂಗಿದಳು ಭದ್ರಮ್ಮ.

ಕೋಮಲಾ ತುಟಿಯ ಮೇಲೆ ಬೆರಳಿಟ್ಟಳು. ಎಣಿಕೆ ಇನ್ನೂ ಮುಗಿದಿರಲಿಲ್ಲ. ಉಳಿದ ಇಪ್ಪತ್ತು ಹೆಜ್ಜೆ ನಿಧಾನವಾಗಿ ನಡೆದು ಬಂದಳು. ಬಗ್ಗಿ ಎಲೆಯ ಕೆಳಗೆ ನೋಡಿದಳು. ಪುಸ್ತಕದಲ್ಲಿ ಒಂದು ಗೆರೆ ಹಾಕಿದಳು. ಪುಸ್ತಕ ಮುಚ್ಚಿದಳು. ಆಮೇಲೆ ವೇಣುವನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು.

"ಕಪ್ಪಾಗಿತ್ತಾ?"

"ಕಪ್ಪಾಗಿತ್ತು. ಗಳಿಗೆ ಮೀರೋಯ್ತು ಕೋಮಲಾ." ಟೀಚರ್ ಎನ್ನುವುದು ಬಾಯಿಗೆ ಬರಲಿಲ್ಲ. "ಎಲ್ಲಾ ಕೆಡಿಸ್ಬುಟ್ಟೆ."

ವೆಂಕಟರಾಮಪ್ಪ ಎದ್ದುನಿಂತು ತಿಳಿಸಿ ಹೇಳಿದ. ಗಿಡ ಈಗ ಮೂರನೆಯ ಹೆಂಡತಿ, ಜೀವಂತ ನಿಂತಿದ್ದಾಳೆ. ಇವನ ಮದುವೆಯ ಆಸೆ ಬಿಟ್ಟುಬಿಡಬೇಕು. ಹುಡುಗಿಯ ಒಳ್ಳೆಯದಕ್ಕೇ ಹೇಳುವುದು.

ಕೋಮಲಾ ಹಿರಿಯನ ಮಾತು ಮುಗಿಯುವವರೆಗೂ ಕೈಕಟ್ಟಿ ನಿಂತಿದ್ದಳು. ಆಮೇಲೆ ವೇಣುವಿನ ಎದುರು ಕೂತಳು.

"ಆ ದಾರ ಬಿಚ್ಚಿ ನಂಗೆ ಕಟ್ಟಿ."

"ಎಕ್ಕದ ದಾರ ಕಣಮ್ಮಾ ಅದು!" ಎಂದ ವೆಂಕಟರಾಮಪ್ಪ.

"ಗೊತ್ತು. ಇದರ ವಿಷ ತಿಂದೇ ಆ ಹುಳು ಬದುಕಿ ರೆಕ್ಕೆ ಬಿಚ್ಕೊಂಡು ಕೂತದೆ, ನೋಡಿ. ಇವ್ರಿಗೆ ಆಗಿದ್ದೆಲ್ಲ ಇದ್ದೇ ಇರ್ತದೆ ಅಂತ ಗೊತ್ತಿದ್ದೇ ನಾನು ಬಂದಿರೋದು. ಬರೋ ಕೇಡು ಗಿಡದ ಮೇಲೆ ಹಾಕಿ ನಾನು ಹಿಂದೆ ನಿಂತ್ಕೊಳ್ಳಲ್ಲ."

"ನಿಮ್ಮಣ್ಣ ಏನಂತಾನೆ?"

"ಎಕ್ಕದ ಮದುವೆ ಆಗ್ಬೇಕು ಅಂದಿದ್ದ. ಆಯ್ತಲ್ಲ. ಎಕ್ಕ ಸಾಯ್ಬೇಕು ಅಂತ ಏನೂ ಅಂದಿರ್ಲಿಲ್ಲ."

ವೇಣು ಕೈ ಚಾಚಿದ. ಹಾಲು ಅಂಟಿದ ಗಂಟು ಬೆರಳಿಗೆ ಸಿಗಲಿಲ್ಲ. "ನಂಗೆ ಭಯ ಆಗ್ತದೆ," ಎಂದ, ಅವಳಿಗೊಬ್ಬಳಿಗೇ ಕೇಳುವಂತೆ.

"ನಂಗೂ ಆಗ್ತದೆ," ಎಂದಳು ಅವಳು.

ಆಗ ಭದ್ರಮ್ಮ ಬಂದಳು. ಇಬ್ಬರು ಸೊಸೆಯರನ್ನು ಮಣ್ಣಿಗೆ ಕೊಟ್ಟ ಕೈ. ಮಗನ ಬೆರಳುಗಳನ್ನು ಪಕ್ಕಕ್ಕೆ ಸರಿಸಿ, ಎಲೆ ಅಲ್ಲಾಡದಂತೆ ಕಾಂಡವನ್ನು ಒಂದು ಕೈಯಲ್ಲಿ ಹಿಡಿದು, ಮೂರು ಗಂಟನ್ನೂ ತಾನೇ ಬಿಚ್ಚಿದಳು. ದಾರ ಹಾಲಿನಿಂದ ಅಂಟಂಟಾಗಿತ್ತು. ಸೆರಗಿನಲ್ಲಿ ಒರೆಸಹೋದಳು.

"ಸ್ವಲ್ಪ ಇರ್ಲಿ ಅತ್ತೆ," ಎಂದಳು ಕೋಮಲಾ. "ಆ ಸ್ವಲ್ಪಾನೇ ಕಾಯೋದು."

ಅತ್ತೆ ಎಂಬ ಮಾತಿಗೆ ಭದ್ರಮ್ಮ ಅತ್ತುಬಿಟ್ಟಳು. ಅಳುತ್ತಲೇ ದಾರವನ್ನು ಮಗನ ಕೈಗೆ ಕೊಟ್ಟಳು. ವೇಣು ಕಟ್ಟಿದ. ಒಂದು ಗಂಟು, ಎರಡು, ಮೂರು. ಅವಳ ಕತ್ತಿನ ಹಿಂದಿನ ಬೆಚ್ಚಗಿನ ಚರ್ಮಕ್ಕೆ ಬೆರಳು ತಾಗಿದಾಗ, ಇವಳು ಬದುಕಿದ್ದಾಳೆ, ನಾನು ಇಲ್ಲೇ ಇದ್ದೇನೆ ಎಂದಷ್ಟೇ ಅವನಿಗೆ ತೋಚಿತು. ವೆಂಕಟರಾಮಪ್ಪ ಮುಖ ತಿರುಗಿಸಿಕೊಂಡು ನಿಂತಿದ್ದ. ಹೋಗಿರಲಿಲ್ಲ. ಮೂರನೆಯ ಗಂಟು ಬಿದ್ದಾಗ ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಕಾಳನ್ನು ಹಿಡಿತುಂಬ ತೆಗೆದು, ನೋಡದೆಯೇ ಇಬ್ಬರ ಮೇಲೂ ಎರಚಿದ. ಕಾಳು ಎಲೆಗಳ ಮೇಲೆ ಪಟಪಟ ಬಿದ್ದವು. ಕೇಸರಿ ಚಿಟ್ಟೆ ಒಮ್ಮೆ ರೆಕ್ಕೆ ಮುಚ್ಚಿ, ತೆರೆದು, ಹಾರಿತು.

ಹೊಸೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಮ್ಮ, ಮಾವ ಮುಂದೆ ಹೋದರು. ಇಬ್ಬರೂ ಅದೇ ದಾರಿಯಲ್ಲಿ ಶಾಲೆಯ ಕಡೆ ನಡೆದರು. ತಿರುವಿನ ಹತ್ತಿರ ವೇಣು ನಿಂತು ಹಿಂದೆ ನೋಡಿದ. ದೂರದಲ್ಲಿ ಬಿಳಿ ಎಕ್ಕ ಕೊರಳು ಬರಿದು ಮಾಡಿಕೊಂಡು ನಿಂತಿತ್ತು. ಸುಧಾ ನೆನಪಾದಳು, ರಮಾದೇವಿ ನೆನಪಾದಳು.

ಕೋಮಲಾ ಕತ್ತಿನ ದಾರ ಹಿಡಿದುಕೊಂಡು ಅವನ ಮುಖ ನೋಡಿದಳು. "ಹಿಂದೆ ಹೋಗಿದ್ದನ್ನ ಎಣಿಸಂಗಿಲ್ಲ ರೀ."

"ಎಣಿಸ್ತಿಲ್ಲ. ನೋಡ್ತಿದ್ದೀನಿ ಅಷ್ಟೆ."

"ನೋಡಿ," ಎಂದಳು, ಮತ್ತು ಅವನು ನೋಡಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.